ಕೋಲು ಹಿಡಿಯುವ ಮೊದಲು ಕಲ್ಲೆತ್ತಿ ನೋಡಿ

ಕುಣಿಗಲ್ ತಾಲ್ಲೂಕಿನ ಯುವ ಓದುಗರೊಬ್ಬರು ಬರೆದಿದ್ದಾರೆ: ‘ಮಾರ್ಕೋನಹಳ್ಳಿ ಜಲಾಶಯದ ದಡದಲ್ಲಿ ತಾತನ ಜತೆ ಗಾಳ ಹಾಕುತ್ತ ಬೆಳೆದವನು ನಾನು. ಮರಿಗಳನ್ನು ಕಾಯುತ್ತಿರುವ ಕೊರಮೀನಿಗೆ ತಾತ ಎಂದೂ ಗಾಳ ಹಾಕುತ್ತಿರಲಿಲ್ಲ. ಕೃತಕ ನೊಣ ಕಟ್ಟಿ ಮೀನು ಹಿಡಿಯುವವರಿಗೆ ದಾರಿ ತೋರಿಸುವ ಫ್ಲೈ ಫಿಶಿಂಗ್ ಗೈಡ್ ಆಗುವ ಆಸೆ ನನಗೆ. ವಿಡಿಯೊ ನೋಡಿ ಕಲಿಯುತ್ತಿದ್ದೇನೆ. ಅದೂ ಒಂದು ಉದ್ಯೋಗವೇ ಎಂದು ಮನೆಯವರು ಕೇಳುತ್ತಾರೆ. ಏನು ಮಾಡಲಿ?’

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತಾತನ ಮಾತು. ಕಾವಲಿಗಿರುವ ಕೊರಮೀನು ಗಾಳಕ್ಕೆ ಸಿಕ್ಕರೆ ಆ ಕೆಂಪು ಮರಿಗಳ ಹಿಂಡು ಬೇರೆ ಮೀನುಗಳ ಬಾಯಿಗೆ ಹೋಗುತ್ತದೆ. ಇದನ್ನು ತಿಳಿದವರ ಪಕ್ಕದಲ್ಲಿ ಕೂತು ಬೆಳೆದಿದ್ದೀರಿ. ನಿಮ್ಮ ಮೊದಲ ಗುರು ನಿಮಗೆ ಸಿಕ್ಕಿ ಬಹಳ ಕಾಲವಾಯಿತು.

ಎರಡನೆಯ ಗುರುವನ್ನು ಹುಡುಕಬೇಕು. ನಮ್ಮ ಗಾಳದಲ್ಲಿ ಎರೆಹುಳುವಿನ, ಸೀಸದ ತೂಕ ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗಿನಲ್ಲಿ ಪುಕ್ಕ, ನೂಲಿನಿಂದ ಕಟ್ಟಿದ ನೊಣಕ್ಕೆ ತೂಕವೇ ಇಲ್ಲ. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆ ಎಷ್ಟು ಹೊತ್ತು ಎಂಬುದನ್ನು ಪಕ್ಕದಲ್ಲಿ ನಿಂತವರು ನಿಮ್ಮ ಮಣಿಕಟ್ಟು ಹಿಡಿದೇ ಹೇಳಿಕೊಡಬೇಕು.

ಕೆಲವು ವರ್ಷಗಳ ಹಿಂದೆ ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಹಿರಿಯ ಗೈಡ್ ಒಬ್ಬರ ಜತೆ ಒಂದು ಬೆಳಗ್ಗೆ ಕಳೆದೆ. ಒಂದು ಗಂಟೆ ಕಾಲ ಅವರು ನನಗೆ ಕೋಲನ್ನೇ ಕೊಡಲಿಲ್ಲ. ನೀರಿನಿಂದ ಕಲ್ಲೊಂದನ್ನು ಎತ್ತಿ, ಅದರ ಅಡಿಗೆ ಅಂಟಿಕೊಂಡ ಹುಳುಗಳನ್ನು ತೋರಿಸಿ, ‘ಇವತ್ತು ಮೀನಿನ ಊಟ ಇದು’ ಎಂದರು. ಆಮೇಲೆ ಡಬ್ಬಿಯಿಂದ ಅದೇ ಬಣ್ಣದ, ಅದೇ ಗಾತ್ರದ ನೊಣವನ್ನು ಆರಿಸಿದರು. ಟ್ರೌಟ್ ಹಿಡಿದಾಗ ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಲು ಬಿಡಲಿಲ್ಲ. ಒಣಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಅವರೂ ಹುಡುಗರಾಗಿದ್ದಾಗ ಬೇರೆಯವರ ಚೀಲ ಹೊತ್ತು ಕಲಿತವರು. ಸ್ಕಾಟ್ಲೆಂಡಿನಲ್ಲಿ ಇಂಥ ಗೈಡನ್ನು ‘ಗಿಲ್ಲಿ’ ಎನ್ನುತ್ತಾರೆ. ಗೇಲಿಕ್ ಭಾಷೆಯಲ್ಲಿ ಹುಡುಗ, ಆಳು ಎಂದೇ ಅದರ ಅರ್ಥ. ನೀವೂ ಒಂದೆರಡು ಋತು ಚೀಲ ಹೊರಲು ಸಿದ್ಧರಾಗಿ. ಹಿಮಾಚಲದಲ್ಲಿ ಚಳಿಗಾಲದಲ್ಲಿ ಟ್ರೌಟ್ ಹಿಡಿಯುವುದು ನಿಷಿದ್ಧ, ಮಾರ್ಚ್‌ನಲ್ಲಿ ಹೋಗಿ. ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆಯಿರಿ.

ಟ್ರೌಟ್ ತಣ್ಣೀರಿನ ಮೀನು, ತುಮಕೂರಿನ ಕೆರೆಗಳಲ್ಲಿ ಬದುಕದು. ಆದರೆ ನೊಣಕ್ಕೆ ಜಿಲೇಬಿ ಮೀನೂ ಬಾಯಿ ಹಾಕುತ್ತದೆ, ಗೆಂಡೆಯೂ ಹಾಕುತ್ತದೆ. ಅಲ್ಲಿಯವರೆಗೆ ಇಲ್ಲೇ ಅಭ್ಯಾಸ ಮಾಡಿ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳದೆ ದಾರ ಬಿಡಬೇಡಿ. ನಿಮ್ಮ ಶಿಂಷಾ ಹೋಗಿ ಸೇರುವ ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಇದೆ. 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಮೀನುಗಳ ಪಟ್ಟಿಗೆ ಸೇರಿಸಲಾಯಿತು. ಅದರ ಆಸೆಗೆ ಅಭಯಾರಣ್ಯದೊಳಕ್ಕೆ ಯಾರನ್ನೂ ಕರೆದೊಯ್ಯಬೇಡಿ, ಎಷ್ಟೇ ಹಣ ಕೊಟ್ಟರೂ ಸರಿ.

ಮನೆಯವರ ಆತಂಕ ನ್ಯಾಯವಾದದ್ದು. ಇದು ಋತುವಿಗೆ ಕಟ್ಟುಬಿದ್ದ ದುಡಿಮೆ, ವರ್ಷವಿಡೀ ಸಂಬಳ ಬರುವುದಿಲ್ಲ. ಜಮೀನಿದ್ದರೆ ಬಿಡಬೇಡಿ.

ಈ ವಾರ ನಾಟಿ ಹುಂಜದ ಕತ್ತಿನ ಪುಕ್ಕ ಹುಡುಕಿ ಒಂದು ನೊಣ ಕಟ್ಟಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ರಟ್ಟಿನ ಡಬ್ಬಿಯಲ್ಲಿಟ್ಟು ನನಗೆ ಕಳಿಸಿ. ತಾತನಿಗೆ ನನ್ನ ನಮಸ್ಕಾರ ತಿಳಿಸಿ.