ಸೋಂಪಿನ ಕೆಲಸ ಬೇರೆ, ನಾಗಕೇಸರದ ಕೆಲಸ ಬೇರೆ

ಪ್ರಶ್ನೆ: ಸಂಜೆ ಮಂಡಕ್ಕಿ–ಮಿರ್ಚಿ ತಿಂದರೆ ರಾತ್ರಿ ಹೊಟ್ಟೆ ಉಬ್ಬರಿಸುತ್ತದೆ. ಅಂಗಡಿಯಿಂದ ಒಂದು ಚೂರ್ಣ ತಂದೆ. ಡಬ್ಬದ ಮೇಲೆ ‘ದೀಪನ, ಪಾಚನ, ಅನುಲೋಮನ’ ಎಂದಿದೆ. ಮೂರೂ ಜೀರ್ಣಕ್ಕೇ ಅಲ್ವಾ? ಒಂದೇ ಗಿಡ ನಾಲ್ಕಾರು ಪಟ್ಟಿಗಳಲ್ಲಿ ಇರುವುದನ್ನೂ ನೋಡಿದ್ದೇನೆ. ಇವನ್ನೆಲ್ಲ ಯಾವ ಲೆಕ್ಕದಲ್ಲಿ ವಿಂಗಡಿಸುತ್ತಾರೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎಷ್ಟು ಮಿರ್ಚಿ ತಿಂದಿರಿ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ! ಇರಲಿ.

ಚಿತ್ರದುರ್ಗದಲ್ಲಿ ನನ್ನ ಕ್ಲಿನಿಕ್ಕು ಮಹಡಿ ಮೇಲೆ, ಮಾವನವರ ಗ್ರಂಧಿಗೆ ಅಂಗಡಿ ಕೆಳಗೆ. ಮಾವನವರು ಬೇರುಗಳನ್ನೆಲ್ಲ ಒಂದು ಕಡೆ, ತೊಗಟೆ ಒಂದು ಕಡೆ, ಕಾಯಿ–ಬೀಜ ಇನ್ನೊಂದು ಕಡೆ ಇಟ್ಟಿದ್ದಾರೆ. ವ್ಯಾಪಾರಕ್ಕೆ ಅದೇ ಸರಿ. ಚೀಟಿ ಬರೆಯುವಾಗ ನನಗೆ ಬೇಕಾದದ್ದು ಬೇರೆ: ಇದು ಒಳಗೆ ಹೋಗಿ ಏನು ಮಾಡುತ್ತದೆ? ನಿಮ್ಮ ಡಬ್ಬದ ಮೇಲಿನ ಮೂರು ಹೆಸರುಗಳು ಅದನ್ನೇ ಹೇಳುತ್ತಿವೆ.

13–14ನೇ ಶತಮಾನದ ಆಯುರ್ವೇದ ಗ್ರಂಥ ಶಾರ್ಙ್ಗಧರ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಸಾಲಿನ ವಿವರಣೆ, ಪಕ್ಕದಲ್ಲೇ ಗಿಡದ ಉದಾಹರಣೆ. ಹಸಿವನ್ನು ಎಬ್ಬಿಸುತ್ತದೆ, ಆದರೆ ಅರಗದೆ ಉಳಿದ ಆಮವನ್ನು ಕರಗಿಸುವುದಿಲ್ಲ, ಅದು ದೀಪನ. ಉದಾಹರಣೆಗೆ ಸೋಂಪು. ಆಮವನ್ನು ಅರಗಿಸುತ್ತದೆ, ಹಸಿವು ಹೆಚ್ಚಿಸುವುದಿಲ್ಲ, ಅದು ಪಾಚನ. ಅದಕ್ಕೆ ನಾಗಕೇಸರ. ಎರಡನ್ನೂ ಮಾಡುವುದು ಚಿತ್ರಮೂಲ ಎಂಬ ಗಿಡದ ಬೇರು. ಇನ್ನು ಅನುಲೋಮನ ಎಂದರೆ ಕಟ್ಟಿಕೊಂಡದ್ದನ್ನು ಸಡಿಲಿಸಿ ಕೆಳಕ್ಕೆ ಸಾಗಿಸುವುದು. ಅದಕ್ಕೆ ಅಳಲೆಕಾಯಿ.

ಸುಮ್ನೆ ಪುಸ್ತಕದ ಮಾತು ಅನ್ನಬೇಡಿ. ‘ಜೀರ್ಣ ಆಗ್ತಿಲ್ಲ ಮೇಡಂ’ ಎಂದು ಬಂದವರಿಗೆ ನಾನು ಮೊದಲು ನಾಲಿಗೆ ಚಾಚಿ ಎನ್ನುತ್ತೇನೆ. ನಾಲಿಗೆಯ ಹಿಂಭಾಗಕ್ಕೆ ಬಿಳಿ ಪದರ ದಪ್ಪಗೆ ಮೆತ್ತಿದೆ, ಮಧ್ಯಾಹ್ನದ ತೇಗಿನಲ್ಲೂ ನಿನ್ನೆಯ ಸಾರಿನ ವಾಸನೆ ಇದೆ ಎಂದರೆ ಪಾಚನ ಬೇಕು. ನಾಲಿಗೆ ಶುಚಿಯಾಗಿದೆ, ತಟ್ಟೆ ಮುಂದೆ ಕೂತರೆ ಊಟವೇ ಬೇಡ ಅನಿಸುತ್ತದೆ ಎಂದರೆ ದೀಪನ. ಹಸಿವೂ ಇದೆ, ರುಚಿಯೂ ಇದೆ, ಗಾಳಿ ಮಾತ್ರ ಕಟ್ಟಿಕೊಂಡಿದೆ, ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂದರೆ ಅನುಲೋಮನ. ನಿಮ್ಮ ಪತ್ರ ನೋಡಿದರೆ ನೀವು ಈ ಕೊನೆಯವರು ಅನಿಸುತ್ತದೆ. ಹಸಿವೇನೂ ಕಡಿಮೆ ಇದ್ದ ಹಾಗೆ ಕಾಣುವುದಿಲ್ಲ! ಊಟವಾದ ಮೇಲೆ ಒಂದು ಚಿಟಿಕೆ ಓಮ ಅಗಿದು ಬಿಸಿನೀರು ಕುಡಿಯಿರಿ. ಓಮ, ಜೀರಿಗೆ, ಸೋಂಪು ಇವುಗಳಲ್ಲಿರುವ ಎಣ್ಣೆಯ ಅಂಶ ಕರುಳಿನ ಸ್ನಾಯುವಿನ ಬಿಗಿತ ಬಿಡಿಸುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಪಶ್ಚಿಮದ ಮೂಲಿಕೆ ವೈದ್ಯರು ಇವನ್ನು ‘ಕಾರ್ಮಿನೇಟಿವ್’ ಎಂಬ ಗುಂಪಿಗೆ ಹಾಕುತ್ತಾರೆ. ಅವರದೂ ಕೆಲಸ ನೋಡಿ ಮಾಡಿದ ಗುಂಪೇ.

ಒಂದೇ ಗಿಡ ಹಲವು ಪಟ್ಟಿಯಲ್ಲಿ ಏಕೆ? ಈ ಪ್ರಶ್ನೆ ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದ 4ನೇ ಅಧ್ಯಾಯದಲ್ಲಿ 50 ಗುಂಪುಗಳಿವೆ: ಕೆಮ್ಮಿಗೆ, ಜ್ವರಕ್ಕೆ, ತುರಿಕೆಗೆ, ಎದೆಹಾಲು ಹೆಚ್ಚಿಸಲು, ಹೀಗೆ. ಗುಂಪಿಗೆ 10ರಂತೆ 500 ಮೂಲಿಕೆ ಆಗಬೇಕು. ಆದರೆ ಬಂದ ಹೆಸರೇ ಮತ್ತೆ ಮತ್ತೆ ಬಂದಿದೆಯಲ್ಲ, 500 ಹೇಗಾಯಿತು ಎಂದು ಶಿಷ್ಯ ಅಗ್ನಿವೇಶ ಅಲ್ಲೇ ಗುರುವನ್ನು ಹಿಡಿದು ಕೇಳುತ್ತಾನೆ. ಒಬ್ಬನೇ ಮನುಷ್ಯ ಹಲವು ಕೆಲಸ ಮಾಡಬಲ್ಲ, ಮಾಡಿದ ಕೆಲಸಕ್ಕೆ ತಕ್ಕ ಹೆಸರು ಪಡೆಯುತ್ತಾನೆ, ಮೂಲಿಕೆಯೂ ಹಾಗೆಯೇ ಎಂದು ಆತ್ರೇಯರು ಉತ್ತರ ಕೊಡುತ್ತಾರೆ. ನಮ್ಮ ಹೊಲದಲ್ಲಿ ಚಪ್ಪಲಿಗೆ ಚುಚ್ಚುವ ನೆಗ್ಗಿಲು ಮುಳ್ಳನ್ನೇ ನೋಡಿ. ಮೂತ್ರ ಇಳಿಸುವ ಗುಂಪಿನಲ್ಲೂ ಇದೆ, ಊತ ಇಳಿಸುವ ಗುಂಪಿನಲ್ಲೂ ಇದೆ.

ಕೆಲಸಕ್ಕೆ ಕಾರಣವನ್ನು ರಸ, ವೀರ್ಯ, ವಿಪಾಕ ಎಂದು ವಿವರಿಸುತ್ತಾರೆ. ನಾಲಿಗೆಗೆ ಸಿಗುವ ರುಚಿ, ಉಷ್ಣವೋ ಶೀತವೋ, ಅರಗಿದ ಮೇಲೆ ಏನಾಗುತ್ತದೆ ಎಂಬುದು. ಇದರಲ್ಲೂ ಲೆಕ್ಕಕ್ಕೆ ಸಿಗದ್ದು ಉಂಟು. ಚಿತ್ರಮೂಲ ಖಾರ, ಉಷ್ಣ. ದಂತಿ ಎಂಬ ಮೂಲಿಕೆಯೂ ಖಾರ, ಉಷ್ಣ. ಆದರೆ ದಂತಿ ಮಾತ್ರ ಭೇದಿ ಮಾಡಿಸುತ್ತದೆ. ಇದನ್ನು ಮುಚ್ಚಿಡದೆ ‘ಪ್ರಭಾವ’ ಎಂಬ ಬೇರೆ ಖಾನೆಯನ್ನೇ ತೆರೆದಿದ್ದಾರೆ. ಹಳಬರ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಚಿತ್ರಮೂಲದ ಹೆಸರು ಓದಿ ಜೋಗಿಮಟ್ಟಿ ಕಡೆ ಹುಡುಕಿಕೊಂಡು ಹೊರಡಬೇಡಿ. ಅದು ಸಂರಕ್ಷಿತ ಕಾಡು. ಹಸಿ ಬೇರು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಸುಣ್ಣದ ತಿಳಿಯಲ್ಲಿ ನೆನೆಸಿ ಶುದ್ಧಿ ಮಾಡಿಯೇ ಔಷಧಿಗೆ ಬಳಸುತ್ತಾರೆ. ಬಸುರಿಯರಿಗಂತೂ ಕೂಡದು.

ಪ್ರಶ್ನೆ: ನಮ್ಮ ತಂದೆಗೆ ಬಿಪಿ ಇದೆ, ನೀರು ಹೋಗುವ ಮಾತ್ರೆ ನುಂಗುತ್ತಾರೆ. ಮಲಬದ್ಧತೆಗೆ ದಿನಾ ರಾತ್ರಿ ಸೋನಾಮುಖಿ ಪುಡಿ. ಗಿಡಮೂಲಿಕೆ ತಾನೇ, ತೊಂದರೆ ಇಲ್ಲ ಅಲ್ವಾ?
— ಓದುಗರೊಬ್ಬರು, ಹಿರಿಯೂರು

ಉತ್ತರ: ತೊಂದರೆ ಇದೆ. ಹೊಟ್ಟೆ ಖಾಲಿ ಮಾಡಿಸುವುದರಲ್ಲೇ ಶಾರ್ಙ್ಗಧರ ನಾಲ್ಕು ದರ್ಜೆ ಹೇಳುತ್ತಾನೆ. ಅಳಲೆಕಾಯಿ ಮೃದು, ಆಮೇಲೆ ಕಕ್ಕೆ, ಆಮೇಲೆ ಕಟುಕರೋಹಿಣಿ, ಕೊನೆಗೆ ಎಲ್ಲವನ್ನೂ ನೀರಾಗಿಸಿ ಹೊರಹಾಕುವ ತಿಗಡೆ. ಸೋನಾಮುಖಿ ಚರಕ–ಸುಶ್ರುತರ ಪಟ್ಟಿಯಲ್ಲಿಲ್ಲ, ಆಮೇಲೆ ಯುನಾನಿ ವೈದ್ಯರ ಜೊತೆ ನಮ್ಮಲ್ಲಿಗೆ ಬಂದದ್ದು. ಇದು ದೊಡ್ಡ ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತದೆ. ಪರಿಣಾಮಕ್ಕೆ 6ರಿಂದ 12 ಗಂಟೆ ಬೇಕು, ಅದಕ್ಕೇ ರಾತ್ರಿ ಕೊಡುವುದು. ಎರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ಆದರೆ ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ನೀರು ಹೋಗುವ ಮಾತ್ರೆಗಳಲ್ಲಿ ಹಲವು ಅದನ್ನೇ ಇಳಿಸುತ್ತವೆ. ಎರಡೂ ಸೇರಿದರೆ ಕಾಲು ಸೆಳೆತ, ಸುಸ್ತು, ಎದೆಬಡಿತ ಏರುಪೇರು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಪುಡಿಯ ವಿಷಯ ಈ ವಾರವೇ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಕೆಮ್ಮಿಗೆ ಆಡುಸೋಗೆ ಒಳ್ಳೆಯದೋ, ಅತಿಮಧುರವೋ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಎಂಥ ಕೆಮ್ಮು? ಕಫ ಗಟ್ಟಿಯಾಗಿ ಕೂತಿದ್ದರೆ ಅದನ್ನು ಸಡಿಲಿಸುವುದು ಆಡುಸೋಗೆ. ಇದರ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧಿ ಹುಟ್ಟಿದ್ದು. ಬಸುರಿಯರಿಗೆ ಬೇಡ. ಗಂಟಲು ಒಣಗಿ ಕೆರೆಯುವ ಕೆಮ್ಮಾದರೆ ಅತಿಮಧುರ, ಅದು ಗಂಟಲಿಗೆ ತಂಪು. ಆದರೆ ಬಿಪಿ ಏರಿಸುತ್ತದೆ, ಅದು ಇರುವವರು ಮುಟ್ಟಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಎರಡೂ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಅಲ್ಲಿ ಉಚಿತ.