ಪಿಸಾ ಅಂಕಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ: 2022ರ ಪಿಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಯಲ್ಲಿ ಸಿಂಗಪುರದ ಮಕ್ಕಳು ವಿಜ್ಞಾನದಲ್ಲಿ 561 ಅಂಕ ಗಳಿಸಿ ಮೊದಲ ಸ್ಥಾನದಲ್ಲಿದ್ದಾರೆ. ಪಟ್ಟಿಯಲ್ಲಿ ಭಾರತದ ಹೆಸರೇ ಇಲ್ಲ. ಇಂಥ ಪಟ್ಟಿಯನ್ನು ನೆಚ್ಚಿ ದೇಶ ದೇಶಗಳ ಮಕ್ಕಳನ್ನು ಹೋಲಿಸುವುದು ಸರಿಯೇ?
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಹೋಲಿಸಬಹುದು. ಆದರೆ ಸ್ಥಾನಕ್ಕಿಂತ ಮೊದಲು ನೋಡಬೇಕಾದದ್ದು ಪರೀಕ್ಷೆಗೆ ಕುಳಿತವರು ಯಾರು ಎಂಬುದನ್ನು. ಹಲವು ದೇಶಗಳ ಒಕ್ಕೂಟವಾದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2000ದಿಂದ ನಡೆಸುತ್ತಿರುವ ಈ ಪರೀಕ್ಷೆಗೆ ಶಾಲೆಯಲ್ಲಿರುವ 15 ವರ್ಷದ ಮಕ್ಕಳಲ್ಲಿ ಕೆಲವರನ್ನು ಮಾದರಿಯಾಗಿ ಆರಿಸುತ್ತಾರೆ. ಶಾಲೆ ಬಿಟ್ಟವರು ಲೆಕ್ಕಕ್ಕೆ ಬರುವುದಿಲ್ಲ. 2015ರಲ್ಲಿ ವಿಜ್ಞಾನದಲ್ಲಿ 525 ಅಂಕ ಪಡೆದು ಅನೇಕ ಸಿರಿವಂತ ದೇಶಗಳನ್ನು ಹಿಂದಿಕ್ಕಿದ ವಿಯೆಟ್ನಾಮಿನ ಮಾದರಿಯು ಅಲ್ಲಿನ ಆ ವಯಸ್ಸಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಪ್ರತಿನಿಧಿಸುತ್ತಿತ್ತು. ಇಡೀ ದೇಶದ ಬದಲು ಕೆಲವೇ ನಗರ, ಪ್ರಾಂತ್ಯಗಳು ಭಾಗವಹಿಸಿದ ಚೀನಾದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 2015ರಲ್ಲಿ ಬೀಜಿಂಗ್, ಶಾಂಘೈ, ಜಿಯಾಂಗ್ಸು, ಗುವಾಂಗ್‌ಡಾಂಗ್ ಸೇರಿ ಪಡೆದದ್ದು 518 ಅಂಕ. 2018ರಲ್ಲಿ ಗುವಾಂಗ್‌ಡಾಂಗ್ ಬದಲು ಝೆಜಿಯಾಂಗ್ ಪ್ರಾಂತ್ಯ ಸೇರಿದಾಗ ಬಂದದ್ದು 590. ಇದನ್ನು ಮೂರು ವರ್ಷಗಳ ಕಲಿಕೆಯ ಏರಿಕೆ ಎಂದು ಓದುವಂತಿಲ್ಲ.

ಇಷ್ಟಾದರೂ ಪಿಸಾವನ್ನು ತಳ್ಳಿಹಾಕಲು ನಾನು ಒಪ್ಪುವುದಿಲ್ಲ, ಏಕೆಂದರೆ ಅದರ ನಿಜವಾದ ಬೆಲೆ ಇರುವುದು ಪ್ರಶ್ನೆಗಳಲ್ಲಿ. ಆಮ್ಲ ಮಳೆಯ ಕುರಿತ ಒಂದು ಪ್ರಶ್ನೆಯನ್ನು ನೋಡಿ: ವಿದ್ಯಾರ್ಥಿಗಳು ಅಮೃತಶಿಲೆಯ ಚೂರುಗಳನ್ನು ರಾತ್ರಿಯಿಡೀ ಆಮ್ಲವಾದ ವಿನೆಗರ್‌ನಲ್ಲಿ ಇಟ್ಟರು, ಇನ್ನು ಕೆಲವು ಚೂರುಗಳನ್ನು ಭಟ್ಟಿ ಇಳಿಸಿದ ನೀರಿನಲ್ಲಿಯೂ ಇಟ್ಟರು, ನೀರಿನಲ್ಲಿ ಇಟ್ಟದ್ದು ಏಕೆ? ಕಲ್ಲು ಸವೆಯಲು ಆಮ್ಲವೇ ಕಾರಣ, ಬರೀ ನೆನೆದದ್ದಲ್ಲ ಎಂದು ಖಚಿತಪಡಿಸಿಕೊಳ್ಳಲು ಎಂಬುದು ಉತ್ತರ. 'ಆಮ್ಲ ಮಳೆ ಎಂದರೇನು?' ಎಂಬುದಕ್ಕೆ ಬಾಯಿಪಾಠದಿಂದ ಪೂರ್ಣ ಅಂಕ ಪಡೆಯುವ ಮಗುವೂ ಇಲ್ಲಿ ತಡವರಿಸಬಹುದು.

ಭಾರತದಿಂದ ಈ ಹಿಂದೆ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು 2009ರ ಸುತ್ತಿನ ಮುಂದುವರಿಕೆಯಾಗಿ ನಡೆದ ಪರೀಕ್ಷೆಯಲ್ಲಿ ಭಾಗವಹಿಸಿ ಪಟ್ಟಿಯ ತಳದಲ್ಲಿ ಉಳಿದವು. ಪ್ರಶ್ನೆಗಳು ನಮ್ಮ ಪರಿಸರಕ್ಕೆ ಹೊಂದುವುದಿಲ್ಲ ಎಂಬ ಕಾರಣ ನೀಡಿ ದೇಶ ಆಮೇಲೆ ದೂರ ಉಳಿಯಿತು. ಚಂಡೀಗಢ, ಕೇಂದ್ರೀಯ ವಿದ್ಯಾಲಯ ಹಾಗೂ ನವೋದಯ ಶಾಲೆಗಳ ಮೂಲಕ 2021ರಲ್ಲಿ ಮರಳುವ ಸಿದ್ಧತೆ ನಡೆಯಿತಾದರೂ, ಕೋವಿಡ್‌ನಿಂದ 2022ಕ್ಕೆ ಮುಂದೂಡಲಾದ ಆ ಸುತ್ತಿನಲ್ಲಿ ನಾವು ಇರಲಿಲ್ಲ. ಕೆಲವು ಪ್ರಶ್ನೆಗಳ ಸನ್ನಿವೇಶ ನಮ್ಮ ಮಕ್ಕಳಿಗೆ ಅಪರಿಚಿತವಿರಬಹುದು. ಆದರೆ ಕಲ್ಲು, ನೀರು, ಹುಳಿ ಇವು ಯಾವ ಊರಿನ ಮಗುವಿಗೆ ಹೊಸತು? ಬಿಡುಗಡೆಯಾದ ಹಳೆಯ ಪ್ರಶ್ನೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆಮ್ಲ ಮಳೆಯ ಈ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು ನಿಮ್ಮ ಹತ್ತನೆಯ ತರಗತಿಗೆ ಕೊಡಿ, ತಪ್ಪು ಉತ್ತರಗಳನ್ನೂ ಗಮನವಿಟ್ಟು ಓದಿ.