ಲಿಸ್ಟೆಡ್ ಮನೆ ಕಾಂಪೌಂಡಲ್ಲಿರೋ ಬೀಚ್ ಮರ ಕಡಿಯೋ ವಿಷ್ಯ

ಫ್ಲ್ಯಾಟ್ ಮಾಡಿರೋ ಹಳೇ ಬಂಗಲೆಯ ಬೀಚ್ ಮರದ ಬುಡದಲ್ಲಿ ಅಣಬೆ ಎದ್ದಿದೆ, ಆದ್ರೂ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕಡಿಯೋಕೆ ಬಿಡ್ತಿಲ್ಲ, "ಹಳೇ ಪರ್ಮಿಶನ್ ನೋಡಿ" ಅಂತ ಲೆಟರ್ ಕಳ್ಸಿದೆ ಅಂತ ಕೇಳಿದ್ರಿ. ಅವ್ರು ತಡೀತಿರೋದು ಮನೆ ಗ್ರೇಡ್ 2 ಲಿಸ್ಟೆಡ್ (ಪಾರಂಪರಿಕ ಕಟ್ಟಡ ಅಂತ ಸರ್ಕಾರಿ ಪಟ್ಟೀಲಿರೋದು) ಅಂತ ಅಲ್ಲ, ಲಿಸ್ಟಿಂಗ್ ಇರೋದು ಕಟ್ಟಡಕ್ಕೆ, ಮರಕ್ಕಲ್ಲ. ಇಂಗ್ಲೆಂಡಲ್ಲಿ ಮರಕ್ಕೆ ಬೇರೆ ರೂಲ್ಸು: ಒಂದೋ ಆ ಬೀಚ್ ಮೇಲೆ ಟಿಪಿಓ ಅಂದ್ರೆ ಮರ ಉಳಿಸೋ ಆರ್ಡರ್ ಇದೆ, ಇಲ್ಲಾ ಜಾಗ ಕನ್ಸರ್ವೇಶನ್ ಏರಿಯಾ (ಹಳೇ ರೂಪ ಉಳಿಸೋಕೆ ಗುರುತು ಮಾಡಿರೋ ಪ್ರದೇಶ), ಇಲ್ಲಾ ಬಂಗಲೆನ ಫ್ಲ್ಯಾಟ್ ಮಾಡ್ದಾಗ ಕೊಟ್ಟ ಪರ್ಮಿಶನ್ನಲ್ಲಿ ಮರ ಉಳಿಸ್ಬೇಕು ಅಂತ ಕಂಡೀಶನ್ ಇದೆ. ಲೆಟರ್ ನೋಡ್ದೆ ಖಚಿತ ಹೇಳೋಕಾಗಲ್ಲ, ಆದ್ರೆ "ಹಳೇ ಪರ್ಮಿಶನ್ ನೋಡಿ" ಅಂದಿದಾರೆ ಅಂದ್ರೆ ಮೂರನೇದೇ ಇರ್ಬೇಕು.

ಮೊದ್ಲು ಕೌನ್ಸಿಲ್ ಸೈಟಲ್ಲಿ ಪ್ಲಾನಿಂಗ್ ಹಿಸ್ಟರಿ ತೆಗೀರಿ, ಇಂಥ ಮನೆಗಳ ಹೆಸರು ಬದಲಾಗಿರುತ್ತೆ, ಹಳೇ ಹೆಸರಲ್ಲೂ ಹುಡುಕಿ, ತೀರಾ ಹಳೇ ಫೈಲ್ ಆನ್‌ಲೈನ್ ಸಿಗದಿದ್ರೆ ಮೈಕ್ರೋಫಿಶ್ (ಹಳೇ ಕಾಗದಗಳ ಚಿಕ್ಕ ಫಿಲಂ ಪ್ರತಿ) ಕೇಳಿ. ಡಿಸಿಶನ್ ನೋಟಿಸ್ (ಪರ್ಮಿಶನ್ ಕೊಟ್ಟ ಪತ್ರ) ಕೊನೇವರೆಗೂ ಓದಿ, ಮರದ ಕಂಡೀಶನ್ ಎಷ್ಟೋ ಸಲ 5 ವರ್ಷಕ್ಕಷ್ಟೇ ಇರುತ್ತೆ, ಅವಧಿ ಮುಗಿದಿದ್ರೆ ಆ ತಲೆನೋವು ಹೋಯ್ತು.

ಆಮೇಲೆ ಕೌನ್ಸಿಲ್ಲಿನ ಟ್ರೀ ಆಫೀಸರ್‌ಗೆ ಮೇಲ್ ಹಾಕಿ ಟಿಪಿಓ ಇದ್ಯಾ, ಕನ್ಸರ್ವೇಶನ್ ಏರಿಯಾನಾ ಅಂತ ಬರವಣಿಗೇಲಿ ಕೇಳಿ. ಬರೀ ಕನ್ಸರ್ವೇಶನ್ ಏರಿಯಾ ಆದ್ರೆ 6 ವಾರ ಮುಂಚೆ ನೋಟಿಸ್ ಕೊಡಿ, ಫೀಸಿಲ್ಲ, ಅಷ್ಟರೊಳಗೆ ಅವ್ರು ಟಿಪಿಓ ಹಾಕ್ಲಿಲ್ಲ ಅಂದ್ರೆ ಕಡೀಬಹುದು. ಟಿಪಿಓ ಇದ್ರೆ ಅರ್ಜಿ ಹಾಕ್ಬೇಕು, ತೀರ್ಮಾನಕ್ಕೆ 8 ವಾರ. ಬುಡದಲ್ಲಿ ದೊಡ್ಡ ದೊಡ್ಡ ಅಣಬೆ ಎದ್ದಿದೆ ಅಂದ್ರಲ್ಲ, ಬೀಚ್‌ಗೆ ಅದು ಬೇರು ಕೊಳೆಯೋ ಲಕ್ಷಣ ಇರ್ಬಹುದು, ಅರ್ಜಿ ಜೊತೆ ಆರ್ಬರಿಸ್ಟ್ (ಮರದ ತಜ್ಞ) ರಿಪೋರ್ಟ್ ಬೇಕೇ ಬೇಕು, ಬರೀ ಫೋಟೋ ನಡಿಯಲ್ಲ. ಪೊಟರೇಲಿ ಬಾವಲಿ ಇದ್ಯಾ ಅಂತಾನೂ ಆ ಆರ್ಬರಿಸ್ಟ್ ಹತ್ರಾನೇ ನೋಡಿಸಿ. ಉತ್ತರ ಬರೋವರೆಗೂ ಗರಗಸದವ್ರನ್ನ ಕರೀಬೇಡಿ, ಟಿಪಿಓ ಮರ ಕಡಿದ್ರೆ ದಂಡಕ್ಕೆ ಮಿತಿ ಇಲ್ಲ.